ಮುಂದಕ್ಕೆ ಹಾಕಿದ ಎಂಜಿನ್

ಆ ಫೋನ್ ಕರೆಯನ್ನು ತೆಗೆದುಕೊಂಡವನು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಗುಂಡ್ಲುಪೇಟೆಯ ಮಾದಪ್ಪನ ವೆಲ್ಡಿಂಗ್ ಶಾಪು, ಗೋಡೆಗೆ ನೇತುಹಾಕಿದ್ದ ಕೆಂಪು ಫೋನು, ಆ ಕಡೆ ನಮ್ಮ ಸಾಹೇಬರ ದನಿ, ಈ ಕಡೆ ಗ್ರೀಸ್ ಮೆತ್ತಿದ ನನ್ನ ಕೈ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊನ್ನೆ ಮಾದಪ್ಪ ಬೇರೆಯೇ ಹೇಳಿದ. ಫೋನು ಎತ್ತಿದ್ದು ಅವನಂತೆ, ನಾನು ಆಗ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆನಂತೆ, ಫೋನು ಕಪ್ಪು ಬಣ್ಣದ್ದಂತೆ. ಕಷ್ಟವೇನೆಂದರೆ, ಇಡ್ಲಿಯ ನೆನಪು ನನಗೂ ಇದೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ವಿಶ್ವವಿದ್ಯಾಲಯದ ಎರಡು ಪದವಿ ಪಡೆದವನು. ಅಳೆಯದ್ದನ್ನು ನಂಬಬೇಡ ಎಂಬುದೊಂದನ್ನು ಅಲ್ಲಿ ಕಲಿತೆ, ಉಳಿದದ್ದನ್ನು ಪರೀಕ್ಷೆ ಮುಗಿದ ಸಂಜೆಯೇ ಮರೆತೆ. ಚಾಮರಾಜನಗರದ ಹೊರವಲಯದಲ್ಲಿ ಮೂರು ಚಕ್ರದ ಸರಕು ಗಾಡಿಗಳಿಗೆ ಬಾಡಿ ಕಟ್ಟುವ ಒಂದು ಸಣ್ಣ ಕಂಪನಿಯ ವಿನ್ಯಾಸ ವಿಭಾಗದಲ್ಲಿದ್ದು ನಿವೃತ್ತನಾದೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗಲಿ ಎಂದು ಬರೆಯಲು ಕುಳಿತರೆ, ಉಳಿದೆಲ್ಲ ಗಾಡಿಗಳನ್ನು ಪಕ್ಕಕ್ಕೆ ತಳ್ಳಿ ಒಂದೇ ಯಂತ್ರ ಎದುರಿಗೆ ಬಂದು ನಿಲ್ಲುತ್ತದೆ. ಅದು ಹಿಮದ ಮೇಲೆ ಓಡುವ ಸ್ಕೂಟರು. ಹೌದು, ಚಾಮರಾಜನಗರದಲ್ಲೇ.

ಬರೆಯಲು ಇನ್ನೊಂದು ಕಾರಣ ನಾಗವೇಣಿ. ಭೀಮನಬೀಡಿನವರು. ಆ ಸ್ಕೂಟರಿನಲ್ಲಿ ಎಂಜಿನ್ ಎಲ್ಲಿ ಕೂರಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆದವರು. ಆಗ ಅವರು ಕೆಲಸಕ್ಕೆ ಹೊಸಬರು, ಪ್ರೊಬೇಷನ್ ಮುಗಿದಿರಲಿಲ್ಲ. ಯಂತ್ರ ಮಗುಚಿಕೊಂಡಿತು. ಎಂಜಿನ್ ತಪ್ಪು ಜಾಗದಲ್ಲಿದೆ ಎಂದು ತೀರ್ಮಾನವಾಯಿತು. ನಾಗವೇಣಿಯನ್ನು ಬಿಡಿಭಾಗಗಳ ಪಟ್ಟಿ ತಯಾರಿಸುವ ವಿಭಾಗಕ್ಕೆ ಕಳಿಸಿದರು. ಎಂಜಿನ್ನನ್ನು ಮುಂದಕ್ಕೆ ಹಾಕಿದ ಮೇಲೆ ಯಂತ್ರ ಸರಿಯಾಗಿ ಓಡಿತು. ಅವರು ಕೆಲಸ ಬಿಟ್ಟು ಪಾಲಿಟೆಕ್ನಿಕ್ ಸೇರಿ ಈಗ ಅಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದಾರೆ. ಮತ್ತೆಂದೂ ಒಂದು ಗಾಡಿಯ ನಕ್ಷೆ ಬರೆಯಲಿಲ್ಲ. ಹೋದ ತಿಂಗಳು ನನಗೆ ಫೋನ್ ಮಾಡಿದರು.

"ಸರ್, ಮಕ್ಕಳಿಗೆ ಗುರುತ್ವ ಕೇಂದ್ರದ ಪಾಠ ಮಾಡ್ಬೇಕು. ನಮ್ಮ ಸ್ಕೂಟರಿನ ಕಥೆ ಹೇಳೋಣ ಅಂತಿದ್ದೀನಿ. ಒಂದು ಕೇಳ್ಲಾ? ನನ್ನ ಎಂಜಿನ್ ನಿಜವಾಗ್ಲೂ ತಪ್ಪು ಜಾಗದಲ್ಲಿತ್ತಾ?"

"ಇತ್ತು ಅಂತ ನೆನಪು" ಎಂದೆ.

"ನೆನಪು ಬ್ಯಾಡಿ ಸರ್. ಅಳ್ದು ಹೇಳಿ. ತಪ್ಪಿದ್ರೆ ತಪ್ಪು ಅಂತಲೇ ಮಕ್ಕಳ ಮುಂದೆ ಒಪ್ಕತೀನಿ. ನಂಗೊಂದು ಗೊತ್ತಾದ್ರೆ ಸಾಕು."

ಅದಕ್ಕಾಗಿ ಮೊದಲಿನಿಂದ ಹೇಳುತ್ತೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದು ಬರೆಯುತ್ತೇನೆ.

ನಮ್ಮ ಸಾಹೇಬರ ಹೆಸರು ಶೇಷಗಿರಿ. ಮೈಸೂರಿನವರು, ಎತ್ತರದ ಆಳು, ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವರಲ್ಲ. ಯಾವ ಕೆಲಸ ಬಂದರೂ "ಮಾಡೋಣ, ಅದರಲ್ಲೇನಿದೆ" ಎನ್ನುವುದು ಅವರ ಪದ್ಧತಿ. ಅದರಲ್ಲಿ ಏನಿದೆ ಎಂದು ಕಂಡುಹಿಡಿಯುವುದು ನಮ್ಮ ಪದ್ಧತಿ. ಉತ್ತರದ ಗುಡ್ಡಗಾಡಿನಲ್ಲಿ ಕಾವಲು ಕೆಲಸಕ್ಕೆ ಅಗ್ಗದ ಹಿಮವಾಹನ ಬೇಕಂತೆ, ಒಂದು ಮಾದರಿ ಕಟ್ಟಿ ತೋರಿಸಿದರೆ ಮುಂದೆ ನೋಡೋಣ ಎಂದಿದ್ದಾರಂತೆ, ಎಂದು ಒಂದು ಸೋಮವಾರ ಬಂದು ಹೇಳಿದರು. ಸೋಮವಾರ ಎಂಬುದಕ್ಕೆ ಆಧಾರವಿಲ್ಲ. ಇಂಥ ಸುದ್ದಿಗಳೆಲ್ಲ ಸೋಮವಾರವೇ ಬಂದಂತೆ ನೆನಪಾಗುತ್ತವೆ.

"ಹಿಮ ನೋಡಿದೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿದರು.

ಯಾರೂ ಇರಲಿಲ್ಲ. ನಮ್ಮ ಟೆಂಪೋ ಚಾಲಕ ಸಿದ್ದರಾಜು ಮಾತ್ರ ಕೈ ಎತ್ತಿದ. ಸಂತೆಮರಹಳ್ಳಿಯವನು, ಹೊಟ್ಟೆ ಸ್ಟಿಯರಿಂಗ್ ಚಕ್ರಕ್ಕೆ ತಾಗುವಷ್ಟು ದೇಹ. "ನಾನ್ ನೋಡಿವ್ನಿ ಸಾ, ಊಟಿ ರೋಡಲ್ಲಿ. ಬೆಳಗ್ಗೆ ಉಲ್ಲಿನ ಮ್ಯಾಲೆ ಬೆಳ್ಳಗೆ ಬಿದ್ದಿತ್ತು" ಎಂದ. ಅಷ್ಟಕ್ಕೇ ಅವನನ್ನು ಪರೀಕ್ಷಾ ಸವಾರನನ್ನಾಗಿ ನೇಮಿಸಿದರು.

ಆ ಯಂತ್ರದ ರಚನೆ ಇಷ್ಟೇ. ಮುಂದೆ ಎರಡು ಜಾರುಹಲಗೆ. ಹಿಂದೆ ಚಕ್ರದ ಬದಲು ಉದ್ದನೆಯ ರಬ್ಬರ್ ಪಟ್ಟಾ, ಅದು ಉರುಳುತ್ತಾ ಗಾಡಿಯನ್ನು ತಳ್ಳುತ್ತದೆ. ನಡುವೆ ಎಲ್ಲೋ ಎಂಜಿನ್. ಮೇಲೆ ಮನುಷ್ಯ. ಎಲ್ಲ ಕಷ್ಟವೂ ಆ "ನಡುವೆ ಎಲ್ಲೋ" ಎಂಬುದರಲ್ಲಿದೆ. ಎಂಜಿನ್ ತೀರಾ ಮುಂದಿದ್ದರೆ ಗಾಡಿಯ ಮೂತಿ ಹಿಮದೊಳಗೆ ಹೂತುಕೊಳ್ಳುತ್ತದೆ. ತೀರಾ ಹಿಂದಿದ್ದರೆ ಏರು ಹತ್ತುವಾಗ ಮೂತಿ ಎದ್ದು ಗಾಡಿ ಸವಾರನ ಮೇಲೆಯೇ ಮಗುಚುತ್ತದೆ. ಎತ್ತಿನ ಗಾಡಿ ಹೇರುವವರು ಇದನ್ನೇ ಮುಂಭಾರ, ಹಿಂಭಾರ ಎನ್ನುತ್ತಾರೆ. ಎಂಜಿನ್ನು, ಸವಾರ, ಪೆಟ್ರೋಲು, ಎಲ್ಲದರ ಭಾರ ಸೇರಿ ಒಂದೇ ಬಿಂದುವಿನಲ್ಲಿ ಕೂತಿದೆ ಎಂದು ಲೆಕ್ಕ ಮಾಡಬಹುದು. ಅದೇ ಗುರುತ್ವ ಕೇಂದ್ರ. ಆ ಬಿಂದು ಸರಿಯಾದ ಜಾಗದಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ನೀವು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಒಂದು ಗುಂಡಿ ಒತ್ತಿದರೆ ಆ ಬಿಂದು ತಾನೇ ಮಿನುಗುತ್ತದೆ. ಆಗ ನಮ್ಮಲ್ಲಿ ಗುಂಡಿ ಇರಲಿಲ್ಲ, ಹುಣಸೆಮರ ಇತ್ತು. ಮಾದಪ್ಪನ ಶಾಪಿನ ಹಿಂದಿನ ಹುಣಸೆಮರಕ್ಕೆ ಚೈನು ಕಟ್ಟಿ ಗಾಡಿಯ ಚೌಕಟ್ಟನ್ನು ಒಂದು ತುದಿಯಿಂದ ತೂಗುಹಾಕುವುದು. ಅದೇ ಚೈನಿನಿಂದ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ದಾರದ ಗುಂಟ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಆಮೇಲೆ ಇನ್ನೊಂದು ತುದಿಯಿಂದ ತೂಗುಹಾಕಿ ಇನ್ನೊಂದು ಗೆರೆ. ಎರಡೂ ಸೇರಿದ ಕಡೆ ಗುರುತ್ವ ಕೇಂದ್ರ. ನಾಗವೇಣಿ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಆ ಜಾಗಕ್ಕೆ ಒಂದು ಕೆಂಪು ಬೊಟ್ಟು ಇಟ್ಟರು. ಮಾರನೆಯ ದಿನ ನೋಡಿದರೆ ಬೊಟ್ಟಿನ ಮೇಲೆ ವಿಭೂತಿ, ಕುಂಕುಮ, ಪಕ್ಕದಲ್ಲಿ ಕಡ್ಡಿಕರ್ಪೂರ.

"ಯಾರು ಮಾದಪ್ಪಣ್ಣ ಇದು ಮಾಡಿದ್ದು?" ಎಂದರು ನಾಗವೇಣಿ.

"ನಾನೇ ಕಣವ್ವ. ಅದು ಕೇಂದ್ರ ಅಂತ ನೀನೇ ಅಂದೆ. ಕೇಂದ್ರ ಅಂದ್ಮೇಲೆ ಒಂದ್ ಪೂಜೆ ಬ್ಯಾಡ್ವಾ?"

ಮಾದಪ್ಪ ಲಾರಿ ಬಾಡಿ, ಟ್ರೇಲರು ಕಟ್ಟುವುದರಲ್ಲಿ ಹೆಸರು ಮಾಡಿದವನು, ಅದಕ್ಕೇ ಈ ಗಾಡಿಯನ್ನು ಅವನ ಶಾಪಿನಲ್ಲಿ ಕಟ್ಟಿಸುತ್ತಿದ್ದೆವು. ಅವನಿಗೆ ಹೇಳಿದ ಕೆಲಸ ಮಾಡುವುದಕ್ಕಿಂತ, ಕೆಲಸ ಹೇಳಿದವರನ್ನು ಸಮಾಧಾನ ಮಾಡುವುದು ಇನ್ನೂ ಚೆನ್ನಾಗಿ ಬರುತ್ತಿತ್ತು.

ಕಬ್ಬಿಣಕ್ಕೆ ಕೈ ಹಾಕುವ ಮೊದಲು ಮರದಲ್ಲಿ ಒಂದು ಮಾದರಿ ಮಾಡಿದ್ದೆವು. ಸಾಹೇಬರು ಬಂದು ಅದರ ಮೇಲೆ ಕುಳಿತರು. ಅವರ ಮೊಣಕಾಲು ಎಂಜಿನ್ ಮುಚ್ಚುವ ತಗಡಿನ ಮುಚ್ಚಳಕ್ಕೆ ಬಡಿಯಿತು. ಆ ಮುಚ್ಚಳವನ್ನು ನಾವು ಟೋಪಿ ಎನ್ನುತ್ತಿದ್ದೆವು. "ಇದೇನ್ರೀ, ಬಾಣಂತಿ ಕೂರೋ ಹಾಗೆ ಮುದುಡಿ ಕೂರಬೇಕಾ? ಸೀಟು ಹಿಂದಕ್ಕೆ ಹಾಕಿ" ಎಂದರು. ಸೀಟು ಹಿಂದಕ್ಕೆ ಹೋಯಿತು. ನಾಗವೇಣಿ ಏನೋ ಹೇಳಲು ಬಾಯಿ ತೆರೆದರು ಎಂದು ನನಗೆ ನೆನಪು. ಅವರನ್ನು ಕೇಳಿದರೆ, ಅಂದು ತಾವು ರಜೆಯಲ್ಲಿದ್ದುದಾಗಿ ಹೇಳುತ್ತಾರೆ. ಹಾಗಾದರೆ ಬಾಯಿ ತೆರೆದವರು ಯಾರೋ ನನಗೆ ಗೊತ್ತಿಲ್ಲ.

ಗಾಡಿ ಸಿದ್ಧವಾಯಿತು. ಓಡಿಸಲು ಹಿಮ ಬೇಕಲ್ಲ. ಗುಂಡ್ಲುಪೇಟೆ ಕೇರಳದ ದಾರಿಯಲ್ಲಿದೆ, ಮೀನಿನ ಲಾರಿಗಳು ದಿನವೂ ಹಾಯುತ್ತವೆ, ಅವುಗಳಲ್ಲಿ ಪುಡಿ ಮಾಡಿದ ಐಸು ಬೇಕಾದಷ್ಟಿರುತ್ತದೆ. ಸಿದ್ದರಾಜು ಲಾರಿಯವರ ಜೊತೆ ತನಗೆ ತಿಳಿದ ಮಲಯಾಳಂನಲ್ಲಿ ಮಾತಾಡಿ ಒಂದು ಟ್ರೇಲರ್ ಐಸು ತಂದ. ಶಾಪಿನ ಹಿಂದಿನ ಬಯಲಲ್ಲಿ ಹರಡಿದೆವು. ಎಂಜಿನ್ ಚಾಲೂ ಮಾಡಿ ಬೆಲ್ಟು ಬಿಗಿಮಾಡುವ ಹೊತ್ತಿಗೆ ಅರ್ಧ ಕರಗಿತು. ಉಳಿದರ್ಧದ ಮೇಲೆ ಸಿದ್ದರಾಜು ಓಡಿಸಿದ. ಪಟ್ಟಾ ತಿರುಗಿದ ರಭಸಕ್ಕೆ ಐಸಿನಲ್ಲಿ ಉಳಿದಿದ್ದ ಬಂಗಡೆ ಮೀನುಗಳು ಹಿಂದಕ್ಕೆ ಹಾರಿದವು. ಒಂದು ನನ್ನ ಜೇಬಿನ ಮೇಲೆ ಬಿತ್ತು. ಮುಂದೆ ವಾರಗಟ್ಟಲೆ ಊರಿನ ಬೆಕ್ಕುಗಳೆಲ್ಲ ನಮ್ಮ ಯಂತ್ರದ ಸುತ್ತ ಕೂತಿರುತ್ತಿದ್ದವು. ಈರುಳ್ಳಿ ಮಂಡಿಯಿಂದ ಸಿಪ್ಪೆ ತಂದು ಹರಡಿ ನೋಡಿದೆವು. ಗಾಳಿಗೆ ಅರ್ಧ ಹಾರಿಹೋಯಿತು, ಉಳಿದದ್ದನ್ನು ಎಂಜಿನ್ನು ಒಳಗೆಳೆದುಕೊಂಡು ಕೆಮ್ಮಿತು.

ಕೊನೆಗೆ ದಾರಿ ತೋರಿದ್ದು ಚೆಂಡುಹೂವು. ಗುಂಡ್ಲುಪೇಟೆಯ ಸುತ್ತ ಬಣ್ಣದ ಕಾರ್ಖಾನೆಗಳಿಗೆಂದು ಚೆಂಡುಹೂವು ಬೆಳೆಯುತ್ತಾರೆ. ಕೊಯ್ಲಿನ ಕಾಲದಲ್ಲಿ ಹೂವು ಖರೀದಿಸುವ ಯಾರ್ಡಿನಲ್ಲಿ ಮನೆಯೆತ್ತರದ ರಾಶಿಗಳು. ಒದ್ದೆ ಹೂವು ತುಳಿದರೆ ಕುಸಿಯುತ್ತದೆ, ಒತ್ತಿದರೆ ಗಟ್ಟಿಯಾಗುತ್ತದೆ, ಮೇಲೆ ನಿಂತರೆ ಜಾರುತ್ತದೆ. ಹಿಮದ ಬಗ್ಗೆ ಪುಸ್ತಕದಲ್ಲಿ ಓದಿದ ಗುಣಗಳೆಲ್ಲ ಅದರಲ್ಲಿದ್ದವು, ಬಣ್ಣವೊಂದು ಬಿಟ್ಟು. ಸಾಹೇಬರು ಯಾರ್ಡಿನವರನ್ನು ಒಪ್ಪಿಸಿದರು. ಹಿಮವಾಹನ ಹೂವಿನ ರಾಶಿ ಏರುವುದನ್ನು ನೋಡಲು ಹೂ ಕೊಯ್ಯುವ ಹೆಂಗಸರೆಲ್ಲ ಸೇರಿದರು.

ಸಿದ್ದರಾಜು ತನ್ನ ಟೆಂಪೋದಲ್ಲಿ ಕೂರುವ ಹಾಗೆಯೇ ಹಿಂದಕ್ಕೆ ಒರಗಿ ಕೂತು ಹೊರಟ. ಗಾಡಿ ರಾಶಿ ಹತ್ತಿತು. ಅರ್ಧ ಏರುತ್ತಿದ್ದಂತೆ ಮೂತಿ ಮೇಲೆದ್ದಿತು, ಇನ್ನೂ ಎದ್ದಿತು, ಒಂದು ಕ್ಷಣ ಪೂರ್ತಿ ನೆಟ್ಟಗೆ ನಿಂತಿತು. ಆಮೇಲೆ ಹಿಂದಕ್ಕೆ ಮಗುಚಿತು. ಗಾಡಿ ಒಂದು ಕಡೆ ಉರುಳಿ ನಿಂತಿತು. ಸಿದ್ದರಾಜು ಹೂವಿನೊಳಗೆ ಪೂರಾ ಮುಚ್ಚಿಹೋದ, ಎರಡು ಪಾದ ಮಾತ್ರ ಕಾಣುತ್ತಿದ್ದವು.

ಮಾದಪ್ಪ ಓಡಿಹೋಗಿ ಪಾದ ಹಿಡಿದು ಅಲುಗಾಡಿಸಿದ. "ಲೇ ಸಿದ್ದ! ಬದುಕಿದ್ದಿಯೇನ್ಲಾ? ಉಸ್ರು ಬುಡ್ಲಾ! ಹೂವ ಬ್ಯಾರೆ ಆಗ್ಲೇ ಹಾಕ್ಬುಟ್ಟವ್ರೆ!"

ಒಳಗಿನಿಂದ ದನಿ ಬಂತು. "ಕಾಲ್ ಎಳೀಬ್ಯಾಡ ಕಣ್ಲಾ, ಪಂಚೆ ಬಿಚ್ಕತದೆ. ಎಂಗಸ್ರು ಅವ್ರೆ."

ಅವನಿಗೆ ಗಾಯವಾಗಲಿಲ್ಲ. ಮೈಯೆಲ್ಲ ಅರಿಶಿನ ಬಣ್ಣವಾಗಿ, ಅದು ಹೋಗಲು ಬಹಳ ದಿನ ಹಿಡಿಯಿತು. ಅವನ ಹೆಂಡತಿ "ಇನ್ನೊಂದ್ ಮದ್ವೆ ಆಯ್ತಾ?" ಎಂದು ಕೇಳಿದಳಂತೆ. ಮಾರನೆಯ ದಿನ ಮತ್ತೆ ಹತ್ತಿಸಿದ, ಮತ್ತೆ ಮಗುಚಿತು.

ನಗು ಅಲ್ಲಿಗೆ ನಿಂತಿತು. ಸಾಹೇಬರು ಎಲ್ಲರನ್ನೂ ಆಫೀಸಿಗೆ ಕರೆಸಿದರು. ಉತ್ತರದಿಂದ ಅಧಿಕಾರಿಗಳು ನೋಡಲು ಬರುವ ದಿನ ಹತ್ತಿರವಿತ್ತು. ಅವರ ಎದುರು ಹೀಗಾದರೆ ಕೆಲಸ ಕೈತಪ್ಪುತ್ತದೆ.

"ಎಂಜಿನ್ ಹಿಂದಾಗಿದೆ. ಯಾರು ಬರೆದದ್ದು?"

"ನಾನು ಸರ್" ಎಂದರು ನಾಗವೇಣಿ. "ಲೆಕ್ಕ ಸರಿ ಅದೆ ಸರ್. ಎಂಜಿನ್ ಅಲ್ಲೇ ಇರ್ಬೇಕು."

"ಲೆಕ್ಕ ಸರಿ ಇದ್ದರೆ ಗಾಡಿ ಯಾಕೆ ಬಿತ್ತು?"

"ಅದ ನೋಡ್ಬೇಕು ಸರ್. ಎರಡು ದಿನ ಕೊಡಿ."

"ನೋಡಿದೆವಲ್ಲಮ್ಮ, ಎರಡು ಸಲ! ಇನ್ನೇನು ನೋಡೋದು?"

ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆ? ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸೋಣ ಎಂದು ಹೇಳಿದೆ ಎಂದು ನನ್ನ ಮನಸ್ಸು ಹೇಳುತ್ತದೆ. ಮನಸ್ಸಿಗೆ ಹಾಗೆ ಹೇಳುವುದರಿಂದ ಲಾಭವಿದೆ, ಆದ್ದರಿಂದ ಅದನ್ನು ಸಾಕ್ಷಿ ಎಂದು ತೆಗೆದುಕೊಳ್ಳುವಂತಿಲ್ಲ. ನಾಗವೇಣಿ ಮಾರನೆಯ ದಿನದಿಂದ ಬಿಡಿಭಾಗಗಳ ವಿಭಾಗಕ್ಕೆ ಹೋದರು. ಅಲ್ಲಿ ನಟ್ಟು, ಬೋಲ್ಟು, ವಾಷರುಗಳಿಗೆ ನಂಬರು ಬರೆಯುವುದು. ಯಾರೋ ಅವರಿಗೆ "ಹಿಂಭಾರ" ಎಂದು ಅಡ್ಡಹೆಸರಿಟ್ಟರು. ಕ್ಯಾಂಟೀನಿನಲ್ಲಿ ಅವರು ಬೆಂಚಿನ ಮೇಲೆ ಕೂತರೆ ಇನ್ನೊಂದು ತುದಿಯಲ್ಲಿದ್ದವನು ತಾನು ಮೇಲೆ ಹಾರಿದಂತೆ ಎದ್ದು ನಗಿಸುತ್ತಿದ್ದ. ಒಂದು ದಿನ ಅವರು "ನೀನ್ ಏಳ್ದಿದ್ರೂ ನಿನ್ನ ತಲೇಲಿ ಭಾರ ಇಲ್ಲ ಬುಡಪ್ಪ, ತಾನೇ ಮ್ಯಾಲಕ್ಕೆ ಬತ್ತದೆ" ಎಂದ ಮೇಲೆ ಅದು ನಿಂತಿತು. ಹೆಸರು ನಿಲ್ಲಲಿಲ್ಲ.

ಇನ್ನು ಫೋನಿನ ವಿಷಯ. ಸಾಹೇಬರು ಆಗ ಮೈಸೂರಿನಲ್ಲಿದ್ದರು. ನಮ್ಮಲ್ಲಿ ಕೆಲವರ ಬಳಿ ಮೊಬೈಲ್ ಬಂದಿತ್ತು, ಸಿಗ್ನಲ್ ಬಂದಿರಲಿಲ್ಲ. ಶಾಪಿನ ಫೋನಿಗೆ ಕರೆ ಮಾಡಿ ಸಾಹೇಬರು ಹೇಳಿದ ಮಾತು ಇಷ್ಟು, ಇದರಲ್ಲಿ ನನಗೂ ಮಾದಪ್ಪನಿಗೂ ಭೇದವಿಲ್ಲ.

"ಎಂಜಿನ್ ಮುಂದಕ್ಕೆ ಹಾಕಿ."

ಮೂರೇ ಮಾತು. ನಮಗೆ ಅರ್ಥವಾಯಿತು, ಎಂಜಿನ್ನನ್ನು ಗಾಡಿಯ ಮುಂಭಾಗಕ್ಕೆ ಸರಿಸಬೇಕು. ನಾನು ಕೂತು ಲೆಕ್ಕ ಹಾಕಿ ಒಂದು ಗೇಣು ಸರಿಸಿದರೆ ಸಾಕು ಎಂದೆ. ಮಾದಪ್ಪ ತಲೆದೂಗಿದ. ನಾನು ಚಾಮರಾಜನಗರಕ್ಕೆ ಹೋಗಿ ಬರುವಷ್ಟರಲ್ಲಿ ಗಾಡಿ ಸಿದ್ಧವಾಗಿತ್ತು. ಟೋಪಿಯ ಮೂತಿ ಒಂದು ಗೇಣು ಮುಂದಕ್ಕೆ ಚಾಚಿಕೊಂಡಿತ್ತು, ಅಲುಗಾಡದಿರಲಿ ಎಂದು ಅದಕ್ಕೆ ಸುತ್ತಲೂ ರಿವೆಟ್ ಹೊಡೆದಿದ್ದ. ಪೆಟ್ರೋಲ್ ಹಾಕಲು, ಹಗ್ಗ ಎಳೆದು ಚಾಲೂ ಮಾಡಲು ಪಕ್ಕದಲ್ಲಿ ಒಂದು ಕಿಂಡಿ.

"ಮುಂದಕ್ಕೆ ಹಾಕ್ಬುಟ್ಟೆ ಸಾ" ಎಂದ ಮಾದಪ್ಪ.

ಗಾಡಿಯ ಹಿಂಭಾಗದಲ್ಲಿ ಸೀಟಿನ ಆಚೆ ಒಂದಿಷ್ಟು ಖಾಲಿ ಜಾಗ ಕಂಡಿತು. ಅದು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಸಾಮಾನು ಇಡುವುದಕ್ಕೆ ಎಂದುಕೊಂಡೆ. ಈರುಳ್ಳಿ ಮಂಡಿಯಿಂದ ಎರಡು ತೂಕದ ಯಂತ್ರ ತರಿಸಿ, ಒಂದನ್ನು ಜಾರುಹಲಗೆಯ ಕೆಳಗೆ, ಇನ್ನೊಂದನ್ನು ಪಟ್ಟಾದ ಕೆಳಗೆ ಇಟ್ಟು, ಸಿದ್ದರಾಜುವನ್ನು ಮೇಲೆ ಕೂರಿಸಿ ತೂಗಿದೆ. ಮುಂದಿನ ಭಾರ ಹೆಚ್ಚಿತ್ತು, ನನ್ನ ಲೆಕ್ಕಕ್ಕೆ ಹತ್ತಿರವಾಗಿಯೇ ಇತ್ತು. ನನಗೆ ಆದ ಸಂತೋಷ ಹೇಳತೀರದು. ಎಂಜಿನ್ ಮುಂದೆ ಹೋಗಿದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಸಂಜೆ ಸಾಹೇಬರು ಮತ್ತೆ ಫೋನ್ ಮಾಡಿದರು. ಈ ಸಲ ಎತ್ತಿದ್ದು ನಾನೇ.

"ಎಂಜಿನ್ ಮುಂದಕ್ಕೆ ಹಾಕಿದಿರಾ?"

"ಹಾಕಿದ್ವಿ ಸರ್."

"ಎಷ್ಟು ಮುಂದಕ್ಕೆ?"

"ಒಂದು ಗೇಣು ಸರ್."

"ಗೇಣು ಅಂದ್ರೆ ಎಷ್ಟು ದಿನ ರೀ?"

ಸಾಹೇಬರು ತಮಾಷೆ ಮಾಡುತ್ತಿದ್ದಾರೆ ಎಂದು ನಾನು ನಕ್ಕೆ. ನಾನು ನಕ್ಕಿದ್ದಕ್ಕೆ ಅವರೂ ನಕ್ಕರು. "ಸರಿ ಸರಿ, ಆಮೇಲೆ ನೋಡೋಣ" ಎಂದು ಫೋನ್ ಇಟ್ಟರು.

ಅವರು ಹೇಳಿದ್ದು ಸಭೆಯನ್ನು, ಪರೀಕ್ಷೆಯನ್ನು, ಮದುವೆಯನ್ನು ಮುಂದಕ್ಕೆ ಹಾಕುತ್ತಾರಲ್ಲ, ಆ ಅರ್ಥದಲ್ಲಿ. ಎಂಜಿನ್ನಿನ ತಂಟೆ ಈಗ ಬೇಡ, ಅಧಿಕಾರಿಗಳು ಬಂದು ಹೋಗಲಿ, ಸಪಾಟು ನೆಲದಲ್ಲಿ ಓಡಿಸಿ ತೋರಿಸಿ ಕಳಿಸೋಣ ಎಂದು ಅವರ ಯೋಚನೆ ಇದ್ದಿರಬೇಕು. ಇದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಮಗಳ ಮದುವೆ ಮುಂದಕ್ಕೆ ಹೋದದ್ದನ್ನು ಯಾರಿಗೋ ಹೇಳುತ್ತಿದ್ದಾಗ. ಗೇಣಿನ ಸಂಭಾಷಣೆ ನಿಜಕ್ಕೂ ನಡೆದಿತ್ತೇ, ಅಥವಾ ಹೊಳೆದ ಮೇಲೆ ನಾನೇ ಕಟ್ಟಿಕೊಂಡೆನೇ? ಅದು ಇಷ್ಟು ಚೆನ್ನಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಸಾಹೇಬರನ್ನು ಕೇಳೋಣವೆಂದರೆ ಅವರು ಈಗಿಲ್ಲ.

ಅಧಿಕಾರಿಗಳು ಇಬ್ಬರು ಬಂದರು. ಅಂತೂ ಹಿಮ ಕಂಡವರು ಬಂದರು ಎಂದು ನಾವು ಕೈಮುಗಿದು ಬರಮಾಡಿಕೊಂಡೆವು. ದೊಡ್ಡವರು ತಿರುನೆಲ್ವೇಲಿಯವರು, ಹಿಮ ಬೀಳುವ ಕಡೆಗೆ ಅವರಿಗೆ ಇನ್ನೂ ವರ್ಗ ಆಗಿರಲಿಲ್ಲ. ಅವರು ಹಿಡಿ ಹೂವು ತೆಗೆದುಕೊಂಡು, ಹಿಚುಕಿ, ಗಂಭೀರವಾಗಿ ಮೂಸಿ ಸೀನಿದರು. ಸಾಹೇಬರು ಸಪಾಟು ಜಾಗದ ಕಡೆ ಕೈ ತೋರಿಸುತ್ತಿದ್ದರು. ಅಷ್ಟರಲ್ಲಿ ಸಿದ್ದರಾಜು ರಾಶಿಯ ಕಡೆ ತಿರುಗಿಸಿಬಿಟ್ಟ. ಸಾಹೇಬರ ಮುಖ ಅವರ ಅಂಗಿಯಷ್ಟೇ ಬೆಳ್ಳಗಾದದ್ದನ್ನು ನಾನು ಕಣ್ಣಾರೆ ಕಂಡೆ. ಗಾಡಿ ಹತ್ತಿತು. ಮೂತಿ ಏಳಲಿಲ್ಲ. ಅರ್ಧ ದಾಟಿತು, ತುದಿ ಮುಟ್ಟಿತು, ಆ ಕಡೆ ಇಳಿಯಿತು. ಹೂ ಕೊಯ್ಯುವ ಹೆಂಗಸರು ಸಿಳ್ಳೆ ಹೊಡೆದರು.

ಸಾಹೇಬರು ಒಂದು ಗಳಿಗೆ ತಡೆದು, ಅಧಿಕಾರಿಗಳ ಕಡೆ ತಿರುಗಿ, "ಎಂಜಿನ್ ಮುಂದಕ್ಕೆ ಹಾಕಿಸಿದೆ" ಎಂದರು. ಆ ದಿನದಿಂದ ತಾವು ಹೇಳಿದ್ದು ಅದೇ ಅರ್ಥದಲ್ಲಿ ಎಂದು ಅವರಿಗೂ ಖಾತ್ರಿಯಾಯಿತು. ತಮ್ಮ ಬೀಳ್ಕೊಡುಗೆಯಲ್ಲೂ ಅದನ್ನೇ ಹೇಳಿದರು. ಅವರು ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ನೆನಪು ಗೆದ್ದವರ ಕಡೆ ವಾಲುತ್ತದೆ, ಅದಕ್ಕೂ ಒಂದು ಗುರುತ್ವ ಕೇಂದ್ರ ಇರಬೇಕು.

ಗಾಡಿ ಉತ್ತರಕ್ಕೆ ಹೋಯಿತು. ಅಲ್ಲಿಯೂ ಓಡಿತು ಎಂದು ಕೇಳಿದ್ದೇನೆ. ಆದರೆ ಅವರು ಕೊನೆಗೆ ಹೊರದೇಶದ ಗಾಡಿಗಳನ್ನೇ ಕೊಂಡರು, ನಮ್ಮದು ಲಾರಿಯಲ್ಲಿ ವಾಪಸ್ ಬಂತು. ಗುಜರಿಗೆ ಹಾಕಲು ಹೊರಟಾಗ ಮಾದಪ್ಪ ತನಗಿರಲಿ ಎಂದು ಇಟ್ಟುಕೊಂಡ. ನಾಗವೇಣಿ ಅಷ್ಟರಲ್ಲಿ ರಾಜೀನಾಮೆ ಕೊಟ್ಟು ಹೋಗಿದ್ದರು. ಎಂಜಿನ್ ಮುಂದಕ್ಕೆ ಹೋದ ಮೇಲೆ ಗಾಡಿ ಓಡಿತು ಎಂಬ ಸುದ್ದಿ ಅವರಿಗೆ ತಲುಪಿತ್ತು. ತಾವೇ ತಪ್ಪು ಮಾಡಿದ್ದು ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಹೋದ ವಾರ ಅವರನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಮಾದಪ್ಪನಿಗೆ ಈಗ ವಯಸ್ಸಾಗಿದೆ, ಮಕ್ಕಳು ಶಾಪು ನೋಡಿಕೊಳ್ಳುತ್ತಾರೆ. ಹುಣಸೆಮರದ ಕೆಳಗೆ ತಾಡಪಾಲು ಹೊದ್ದುಕೊಂಡು ನಮ್ಮ ಸ್ಕೂಟರು ಕೂತಿತ್ತು.

"ಟೋಪಿ ಬಿಚ್ಬೇಕಲ್ಲ ಮಾದಪ್ಪ" ಎಂದೆ.

"ಯಾಕ್ ಸಾ ಸುಮ್ನೆ? ಒಳಗೆ ಕೋಳಿ ಕಾವಿಗೆ ಕುಂತದೆ."

ನಾಗವೇಣಿ ಪಕ್ಕದ ಕಿಂಡಿಯಿಂದ ಇಣುಕಿದರು. "ಕೋಳಿ ಇಲ್ಲ, ಏನಿಲ್ಲ ಮಾದಪ್ಪಣ್ಣ."

"ಈಗ್ತಾನೆ ಎದ್ದೋಗಿರ್ಬೇಕು ಕಣವ್ವ."

ಅವನ ಮಗನಿಂದ ಗ್ರೈಂಡರು ಇಸಿದುಕೊಂಡು ರಿವೆಟ್ಟುಗಳನ್ನು ಕತ್ತರಿಸಿದೆವು. ಟೋಪಿ ಎತ್ತಿದಾಗ ಅದರ ಮೂತಿಯಲ್ಲಿ ಒಂದು ಗೇಣು ಜಾಗ ಖಾಲಿ ಇತ್ತು. ಒಳಗೆ ಹಳೆಯ ಗೋಣಿಚೀಲ ತುರುಕಿತ್ತು, ಬಡಬಡ ಸದ್ದು ಬರದಿರಲಿ ಎಂದು. ಎಂಜಿನ್ ಅದರ ಹಿಂದೆ ತಣ್ಣಗೆ ಕೂತಿತ್ತು.

ನಾವಿಬ್ಬರೂ ಮಾದಪ್ಪನ ಮುಖ ನೋಡಿದೆವು. ಅವನು ಮರ ನೋಡಿದ.

"ಏನ ಮುಂದಕ್ಕೆ ಹಾಕ್ದೆ ಮಾದಪ್ಪ ಅವತ್ತು?"

"ಸೀಟು."

"ಸಾಹೇಬರು ಹೇಳಿದ್ದು ಎಂಜಿನ್ನು!"

"ಎಂಜಿನ್ ಮುಂದಕ್ಕೋದ್ರೆ ಬೆಲ್ಟು ಸಾಲ್ತಿರ್ಲಿಲ್ಲ ಸಾ. ಉದ್ದದ ಬೆಲ್ಟ್ ಇಲ್ಲೆಲ್ಲಿ ಸಿಕ್ತದೆ? ದೊಡ್ಡೋರು ಬರೋ ದಿನ ಬ್ಯಾರೆ ಅತ್ರ ಬಂದ್ಬುಟ್ಟಿತ್ತು. ಮುಂದಕ್ಕೆ ಏನೋ ಒಂದು ಓಗ್ಬೇಕಾಗಿತ್ತು. ಸೀಟು ಅಂದ್ರೆ ನಾಕು ಬೋಲ್ಟು, ಅದ ಹಾಕ್ದೆ. ಸೀಟಿಗೆ ಟೋಪಿ ಅಡ್ಡ ಬಂತು, ಅದ್ನೂ ಮುಂದಕ್ಕೆ ತಳ್ದೆ."

"ನಮಗೆ ಹೇಳಬೇಕಿತ್ತಲ್ಲ?"

"ಹೇಳ್ದ್ನಲ್ಲ ಸಾ! ಮುಂದಕ್ಕೆ ಹಾಕ್ಬುಟ್ಟೆ ಅಂದೆ. ಏನ ಅಂತ ನೀವ್ ಕೇಳ್ನಿಲ್ಲ."

ಹೊಸಬರೇ, ಇಲ್ಲೊಂದು ಪಾಠವಿದೆ. ಅಂದು ನಾನು ಸಿದ್ದರಾಜುವನ್ನು ಇಳಿಸಿ ಬರೀ ಗಾಡಿಯನ್ನು ಇನ್ನೊಮ್ಮೆ ತೂಗಿದ್ದರೆ ಎಲ್ಲ ಬಯಲಾಗುತ್ತಿತ್ತು. ತೂಕದ ಯಂತ್ರಕ್ಕೆ ಭಾರ ಮುಂದೆ ಬಂದದ್ದು ಗೊತ್ತಾಯಿತು, ಯಾರ ಭಾರ ಎಂದು ಅದು ಹೇಳುವುದಿಲ್ಲ. ಎಂಜಿನ್ನಿಗಿಂತ ಸಿದ್ದರಾಜುವೇ ಹೆಚ್ಚು ತೂಗುತ್ತಿದ್ದ. ಅವನನ್ನು ಮುಂದಕ್ಕೆ ತಂದದ್ದರಿಂದ ಗಾಡಿ ನೆಟ್ಟಗಾಯಿತು. ಹಿಂದಕ್ಕೆ ಕಳಿಸಿದ್ದು ಸಾಹೇಬರ ಮೊಣಕಾಲು. ಗಾಡಿ ಮಗುಚಿದ ಮೇಲೆ ವಿನ್ಯಾಸ ವಿಭಾಗದಲ್ಲಿ ನಾವೆಲ್ಲ ಎಂಜಿನ್ನನ್ನೇ ನೋಡುತ್ತಾ ಕೂತೆವು, ಅದರ ಮೇಲೆ ಒಬ್ಬ ಮನುಷ್ಯ ಇದ್ದಾನೆ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ.

ನಾಗವೇಣಿ ಎಂಜಿನ್ನಿನ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಆಮೇಲೆ ಹೇಳಿದರು, "ಮಾದಪ್ಪಣ್ಣ, ನೀನು ಅವತ್ತು ಸೀಟು ಅಂತ ಒಂದ್ ಮಾತು ಅಂದಿದ್ರೆ ಆಗೋಗ್ತಿತ್ತು."

"ಏನಾಗ್ತಿತ್ತು ಕಣವ್ವ?"

"ಏನಿಲ್ಲ ಬುಡು. ಈಗ ಪಾಠ ಮಾಡ್ತೀನಿ. ಆಗ ಗಾಡಿ ಮಾಡ್ತಿದ್ದೆ."

ಮಾದಪ್ಪನಿಗೆ ಅದು ಎಷ್ಟು ತಿಳಿಯಿತೋ. "ಕಾಫಿ ತರುಸ್ತೀನಿ ಇರವ್ವ" ಎಂದು ಒಳಗೆ ಹೋದ. ಅವನು ಹೋದ ಮೇಲೆ ನಾಗವೇಣಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಗಾಡಿಯನ್ನು ಹಿಡಿದುಕೊಳ್ಳುವಷ್ಟು. "ಸರ್, ಗೋಣಿಚೀಲ ನೋಡಿ ಸರ್, ಗೋಣಿಚೀಲ! ನನ್ನ ತಪ್ಪು ತಿದ್ದಿದ್ದು ಅದು!" ಎಂದರು. ನನಗೆ ಅಷ್ಟು ನಗಲಾಗಲಿಲ್ಲ.

ಯಾವುದು ಗೊತ್ತಾಯಿತು, ಯಾವುದು ಗೊತ್ತಾಗಲಿಲ್ಲ ಎಂದು ಬರೆದು ಮುಗಿಸುತ್ತೇನೆ. ಮೊದಲ ಕರೆಯನ್ನು ಎತ್ತಿದ್ದು ಯಾರೆಂದು ತಿಳಿಯದು. ಸಾಹೇಬರ ಮನಸ್ಸಿನಲ್ಲಿ ಇದ್ದ ಅರ್ಥ ಯಾವುದೆಂದು ಇನ್ನು ತಿಳಿಯುವಂತಿಲ್ಲ. ಸೀಟು ಈಗ ನಾಗವೇಣಿ ಮೊದಲು ಬರೆದ ಜಾಗಕ್ಕೇ ಬಂದು ನಿಂತಿದೆಯೇ ಎಂದು ನೋಡಿದೆವು. ಗಾಡಿಯ ಬಾಲವನ್ನು ಮಾದಪ್ಪನ ಮಕ್ಕಳು ಯಾವಾಗಲೋ ಕತ್ತರಿಸಿಕೊಂಡಿದ್ದಾರೆ, ಸೀಟಿನ ಅಳತೆ ಶುರುವಾಗುತ್ತಿದ್ದ ಆ ತುದಿಯೇ ಉಳಿದಿಲ್ಲ. ಎಂಜಿನ್ನನ್ನು ಮಾತ್ರ ಅಳೆದೆವು. ಪಟ್ಟಾ ತಿರುಗಿಸುವ ದಂಡದಿಂದ ಎಂಜಿನ್ನಿನ ಬೋಲ್ಟಿನವರೆಗೆ ಎಷ್ಟಿರಬೇಕು ಎಂಬ ಅಂಕಿ ನಾಗವೇಣಿಗೆ ಇನ್ನೂ ಬಾಯಿಪಾಠವಿತ್ತು. ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಅಂಕಿ ಸರಿಹೊಂದಿತು. ಚೌಕಟ್ಟಿನ ಮೇಲೆ ಬೇರೆ ತೂತುಗಳಿಲ್ಲ, ಕತ್ತರಿಸಿದ ಗುರುತಿಲ್ಲ, ಎರಡನೆಯ ಬೆಸುಗೆ ಇಲ್ಲ. ಎಂಜಿನ್ ಅವರು ಇಟ್ಟ ಜಾಗದಿಂದ ಒಮ್ಮೆಯೂ ಕದಲಿಲ್ಲ.